ನಾವು ದುಡಿಯುವ ಜುರಾಂಗ್: ಬೋರ್ಡಿನ ಹಿಂದಿನ ಕಥೆಗಳು

(ಸಿಂಗಪುರದಲ್ಲಿ ನಮ್ಮ ವೇದಿಕೆಯ ರಾಜ್ಯೋತ್ಸವ ಕಾರ್ಯಕ್ರಮದಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)



ನಾನು ಭಾಷಣಕಾರ ಅಲ್ಲ. ನನ್ನ ಕೆಲಸ ಪಂಪು, ವಾಲ್ವು, ಪೈಪು ರಿಪೇರಿ ನೋಡಿಕೊಳ್ಳೋದು. ಪಂಪಿನ ಸೀಲು ಯಾಕೆ ಸೋರುತ್ತೆ ಅಂತ ಕೇಳಿದ್ರೆ ಒಂದು ಗಂಟೆ ನಿಲ್ಲದೆ ಹೇಳ್ತೀನಿ. ಮೈಕಿನ ಮುಂದೆ ನಿಂತರೆ ನಾನೇ ಸೋರೋಕೆ ಶುರು ಮಾಡ್ತೀನಿ. ಕಾರ್ಯದರ್ಶಿಗಳು ವಿಷಯ ಏನು ಅಂತ ಫೋನ್ ಮಾಡಿದಾಗ "ಜುರಾಂಗ್ ಬಗ್ಗೆ ಮಾತಾಡ್ತೀನಿ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಜುರಾಂಗ್‌ನಲ್ಲಿ ಮಾತಾಡೋಕೆ ಏನಿದೆ ಸಾರ್? ರಾಜ್ಯೋತ್ಸವ ಅಲ್ವಾ, ಹಂಪಿ ಬಗ್ಗೆ ಏನಾದ್ರೂ ಹೇಳಿ" ಅಂದರು. ಅವರ ಮೇಲೆ ನನಗೆ ಬೇಜಾರಿಲ್ಲ. ನಾನೂ ಹದಿನಾರು ವರ್ಷ ಹಾಗೇ ಅಂದುಕೊಂಡಿದ್ದೆ. ಇವತ್ತಿನ ನನ್ನ ಮಾತೇ ಆ ಹದಿನಾರು ವರ್ಷದ ಬಗ್ಗೆ.

2004ರಲ್ಲಿ ಬಂದವನು ನಾನು. ಜುರಾಂಗ್ ವೆಸ್ಟಿನಲ್ಲೇ ಮನೆ, ಅಲ್ಲೇ ಹತ್ತಿರ ಕೆಲಸ. ಬೆಳಿಗ್ಗೆ ಆರಕ್ಕೆ ಬಸ್ಸು ಹತ್ತಿ ನಿದ್ದೆ ಮಾಡೋದು, ಸಂಜೆ ಬಸ್ಸು ಹತ್ತಿ ನಿದ್ದೆ ಮಾಡೋದು. ಕಿಟಕಿಯಾಚೆ ಏನಿದೆ ಅಂತ ನೋಡಿದ್ದೇ ಕಡಿಮೆ. ಊರಿಂದ ಯಾರಾದರೂ ಬಂದರೆ ಮರೀನಾ ಬೇ, ಸೆಂಟೋಸಾ ತೋರಿಸಿ ಕಳಿಸ್ತಿದ್ದೆ. ಜುರಾಂಗ್ ಅಂದರೆ ಶೆಡ್ಡು, ಚಿಮಣಿ, ಕಂಟೇನರ್ ಲಾರಿ, ಅಷ್ಟೇ.

2019ರಲ್ಲಿ ಇದೇ ವೇದಿಕೆಯ ಕಾರ್ಯಕ್ರಮದ ಊಟದ ಸಾಲಿನಲ್ಲಿ ಒಬ್ಬ ಹುಡುಗ ಪರಿಚಯ ಆದ. ದಾವಣಗೆರೆ ಕಡೆಯವನು, ವೆಲ್ಡರ್. "ಎಲ್ಲಿದ್ದೀಯಪ್ಪ, ಯಾವ ಊರು?" ಅಂದೆ. "ದಾವಣಗೆರೆ ಅಣ್ಣ." "ಅದು ಗೊತ್ತಾಯ್ತು, ಇಲ್ಲಿ ಯಾವ ಊರು?" ಅವನು ತಟ್ಟೆಯಲ್ಲಿದ್ದ ಹಪ್ಪಳ ಮುರೀತಾ ಹೇಳಿದ: "ಇಲ್ಲಿ ಊರೆಲ್ಲಿ ಐತಣ್ಣ? ಇಲ್ಲಿರಾದು ಡ್ಯೂಟಿ." ಇಬ್ಬರೂ ನಕ್ಕೆವು. ಅವನು ಇದ್ದದ್ದು ಜುರಾಂಗ್‌ನಲ್ಲೇ ಒಂದು ಡಾರ್ಮಿಟರಿಯಲ್ಲಿ, ನನ್ನ ಮನೆಯಿಂದ ಬಸ್ಸಲ್ಲಿ ಇಪ್ಪತ್ತು ನಿಮಿಷ.

ಮರುವರ್ಷ ಏನಾಯ್ತು ಅಂತ ನಿಮಗೆಲ್ಲ ಗೊತ್ತು. 2020ರ ಏಪ್ರಿಲ್ 7ರಿಂದ ಸಿಂಗಪುರ ಬಾಗಿಲು ಹಾಕಿತು. ಮೂರು ಲಕ್ಷಕ್ಕೂ ಹೆಚ್ಚು ಜನ ಡಾರ್ಮ್‌ಗಳಲ್ಲಿದ್ದರು. ಕಾಯಿಲೆ ಅಲ್ಲೇ ಜೋರಾಗಿ ಹಬ್ಬಿತು, ಒಳಗಿದ್ದವರು ಹೊರಗೆ ಬರೋ ಹಾಗಿರಲಿಲ್ಲ. ಆ ಹುಡುಗನ ರೂಮಿನಲ್ಲಿ ಹನ್ನೆರಡು ಜನ. ಇಲ್ಲಿ ಕೂತಿರೋ ಎಷ್ಟೋ ಜನ ಆ ದಿನಗಳನ್ನ ಒಳಗಿದ್ದು ಕಂಡವರು, ನಿಮಗೆ ನಾನು ಹೇಳಬೇಕಾಗಿಲ್ಲ. ನಾವು ಫ್ಲ್ಯಾಟಿನಲ್ಲಿ ಇದ್ದವರಿಗೆ ವ್ಯಾಯಾಮಕ್ಕೆ ಅಂತ ಒಬ್ಬೊಬ್ಬರೇ ಹೊರಗೆ ಹೋಗೋಕೆ ಅನುಮತಿ ಇತ್ತು. ಒಂದೇ ಜುರಾಂಗ್, ನಾನು ನಡೀಬಹುದು, ಅವನು ನಡೆಯೋ ಹಾಗಿಲ್ಲ.

ಸಂಜೆ ಒಂದು ಸಲ ಫೋನ್ ಮಾಡಿ ಹೇಗಿದ್ದೀಯ ಅಂದೆ. "ಚೆನ್ನಾಗಿದೀನಿ ಅಣ್ಣ, ಊಟ ಕೊಡ್ತಾರೆ, ಸಂಬಳ ಬರ್ತೈತಿ. ಆದ್ರೆ ಗೋಡೆ ನೋಡಿ ನೋಡಿ ಸಾಕಾಗೈತಿ. ನೀವು ಹೊರಗೆ ಹೋದ್ರಾ? ಏನೈತಿ ಹೊರಗೆ?" ಅಂದ. ನಾನು ಜಾಲಾನ್ ಬುರೋ ತನಕ ನಡೆದು ಬಂದಿದ್ದೆ. "ಏನಿಲ್ಲ, ಖಾಲಿ ರೋಡು" ಅಂದೆ. "ಬುರೋ ಅಂದ್ರೆ ಏನಣ್ಣ?" ಅಂದ. ನನಗೆ ಗೊತ್ತಿರಲಿಲ್ಲ. ಹದಿನಾರು ವರ್ಷ ಓಡಾಡಿದ ರಸ್ತೆ!

ಅವತ್ತು ರಾತ್ರಿ ನೋಡಿದೆ. ಜಾಲಾನ್ ಅಂದರೆ ರಸ್ತೆ. ಬುರೋ ಅಂದರೆ ಮಲಯ್ ಭಾಷೆಯಲ್ಲಿ ಕೂಲಿಗಾರ, ದುಡಿಯೋನು. ಕಾರ್ಮಿಕರ ರಸ್ತೆ. ನಮ್ಮದೇ ರಸ್ತೆ! ಮರುದಿನ ಅವನಿಗೆ ಹೇಳಿದೆ. ಅವನು ರೂಮಿನಲ್ಲಿದ್ದ ತಮಿಳರಿಗೆ, ಬಂಗಾಳಿಗಳಿಗೆ ಹೇಳಿದನಂತೆ. ಅವತ್ತಿಂದ ದಿನಾ ಸಂಜೆ ಏಳಕ್ಕೆ ಫೋನು: "ಅಣ್ಣ, ಇವತ್ತು ಯಾವ ರೋಡು?"

ಹೀಗೆ ನಾನು ಬೋರ್ಡು ಓದೋದು ಕಲಿತೆ. ಅಂಗಡಿ ಇಲ್ಲ, ಜನ ಇಲ್ಲ, ಓದೋಕೆ ಇದ್ದದ್ದು ಬೋರ್ಡು ಮಾತ್ರ.

ಜಾಲಾನ್ ತುಕಾಂಗ್ ಅಂತ ಒಂದಿದೆ. ತುಕಾಂಗ್ ಅಂದರೆ ಕುಶಲಕರ್ಮಿ, ಕೈಕೆಲಸ ಬಲ್ಲವನು. ಜಾಲಾನ್ ಅಹ್ಮದ್ ಇಬ್ರಾಹಿಂ ಎಲ್ಲರಿಗೂ ಗೊತ್ತು, ಲಾರಿಗಳ ದೊಡ್ಡ ರಸ್ತೆ. ಅಹ್ಮದ್ ಇಬ್ರಾಹಿಂ ಯಾರು? ಸಿಂಗಪುರದ ಕಾರ್ಮಿಕ ಮಂತ್ರಿ. 1962ರಲ್ಲಿ ಅಧಿಕಾರದಲ್ಲಿದ್ದಾಗಲೇ, ಇನ್ನೂ ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡರು. ಎಂಟರ್‌ಪ್ರೈಸ್ ರೋಡು, ಕ್ವಾಲಿಟಿ ರೋಡು, ಪಯನೀರ್ ರೋಡು ಅಂತ ಇನ್ನು ಕೆಲವು. ಇವು ಹೆಸರು ಅನ್ನೋದಕ್ಕಿಂತ ಆ ಕಾಲದ ಗೋಡೆಬರಹ. ಉದ್ಯಮ, ಗುಣಮಟ್ಟ, ಮೊದಲು ಕಾಲಿಟ್ಟವರು. ಮಾಡಿಯೇ ತೀರ್ತೀವಿ ಅನ್ನೋ ಹಟ ಅದರಲ್ಲಿ ಕಾಣುತ್ತೆ.

ನನಗೆ ಬಹಳ ಖುಷಿ ಕೊಟ್ಟದ್ದು ನೈದಲ್ ರೋಡ್. ಇದೆಂಥ ಹೆಸರಪ್ಪ ಅಂದುಕೊಂಡೆ. ಅದು ತಮಿಳು ಪದ. ಹಳೇ ತಮಿಳು ಕಾವ್ಯಗಳಲ್ಲಿ ನೆಲವನ್ನ ಐದು ಬಗೆಯಾಗಿ ಹೇಳ್ತಾರೆ, ಕಡಲತೀರದ ನೆಲಕ್ಕೆ ನೆಯ್ದಲ್ ಅಂತ ಹೆಸರು, ಅಲ್ಲಿ ಅರಳೋ ನೀರಹೂವಿನ ಹೆಸರು ಅದು. ಕನ್ನಡದಲ್ಲಿ ಆ ಹೂವಿಗೆ ಏನಂತಾರೆ? ನೈದಿಲೆ! ಎರಡೂ ಒಂದೇ ಬೇರಿನ ಪದ. ಎಣ್ಣೆ ಟ್ಯಾಂಕರು ಓಡಾಡೋ ರಸ್ತೆಯ ಕಂಬದ ಮೇಲೆ ನಮ್ಮ ನೈದಿಲೆಯ ಅಕ್ಕ ಕೂತಿದ್ದಾಳೆ. ನಾನು ಅಷ್ಟು ವರ್ಷ ಅದರ ಕೆಳಗೇ ಬಸ್ಸಿನಲ್ಲಿ ನಿದ್ದೆ ಮಾಡ್ತಾ ಹೋಗಿದ್ದೆ. ಈ ಕಥೆ ಹೇಳಿದ ದಿನ ಆ ಹುಡುಗನ ರೂಮಿನ ತಮಿಳರು ಸ್ಪೀಕರ್ ಆನ್ ಮಾಡಿಸಿ ಇನ್ನೊಂದು ಸಲ ಹೇಳಿಸಿದರು.

ಬೂನ್ ಲೇ ಸ್ಟೇಷನ್ನಿನಲ್ಲಿ ನಾವೆಲ್ಲ ಇಳೀತೀವಿ. ಅದು ಒಬ್ಬ ಮನುಷ್ಯನ ಹೆಸರು, ಚ್ಯೂ ಬೂನ್ ಲೇ. 1852ರಲ್ಲಿ ಹುಟ್ಟಿ 1933ರಲ್ಲಿ ತೀರಿಕೊಂಡ ವ್ಯಾಪಾರಿ. ಇಲ್ಲಿ ಅವನಿಗೆ ದೊಡ್ಡ ತೋಟಗಳಿದ್ದವು. ಮೊದಲು ಗ್ಯಾಂಬಿಯರ್, ಅಂದರೆ ಚರ್ಮ ಹದ ಮಾಡೋಕೆ ಬಳಸ್ತಿದ್ದ ಒಂದು ಗಿಡ. ಆಮೇಲೆ ರಬ್ಬರ್. ರಬ್ಬರ್ ಹಾಲು ಹಿಡಿಯೋಕೆ ಮರಕ್ಕೊಂದು ಮಣ್ಣಿನ ಬಟ್ಟಲು ಬೇಕಲ್ಲ, ಅದನ್ನ ಸುಡೋ ಗೂಡುಗಳೂ ಜುರಾಂಗ್‌ನಲ್ಲೇ ಇದ್ದವು. ಗುಡ್ಡದ ಇಳಿಜಾರಿಗೆ ಉದ್ದಕ್ಕೆ ಮಲಗಿದ ಹಾಗೆ ಕಟ್ಟಿದ ಇಟ್ಟಿಗೆ ಗೂಡುಗಳು. ಬಾಯಲ್ಲಿ ಬೆಂಕಿ, ಬಾಲದಲ್ಲಿ ಹೊಗೆ. ಅದಕ್ಕೇ ಡ್ರ್ಯಾಗನ್ ಕಿಲ್ನ್ ಅಂತಾರೆ. ಎರಡು ಇನ್ನೂ ಉಳಿದಿವೆ, ಜಾಲಾನ್ ಬಹಾರ್ ಹತ್ತಿರ. ಮಕ್ಕಳನ್ನ ಕರೆದುಕೊಂಡು ಹೋಗಿ.

ಜುರಾಂಗ್ ಅನ್ನೋ ಹೆಸರು ಎಲ್ಲಿಂದ ಬಂತು ಅನ್ನೋದಕ್ಕೆ ಬೇರೆ ಬೇರೆ ವಾದ ಇವೆ. ಮಲಯ್‌ನಲ್ಲಿ ಜೆರುಂಗ್ ಅಂದರೆ ಶಾರ್ಕ್ ಮೀನು, ಅದರಿಂದ ಬಂತು ಅನ್ನೋದು ಒಂದು ವಾದ. ಏನೇ ಇರಲಿ, ಇದು ನೀರಿನ ಊರು. ಜೌಗು, ಕಾಂಡ್ಲಾ ಕಾಡು, ಸಿಗಡಿ ಕೆರೆಗಳು, ಮೀನುಗಾರರ ಹಳ್ಳಿಗಳು.

ಈಗ ಕಾರ್ಖಾನೆಗೆ ಬರೋಣ. 1960ರಲ್ಲಿ ವಿಶ್ವಸಂಸ್ಥೆಯ ತಂಡವೊಂದು ಇಲ್ಲಿಗೆ ಬಂತು. ಅದರ ಮುಖ್ಯಸ್ಥ ಡಚ್ ಅರ್ಥಶಾಸ್ತ್ರಜ್ಞ ಆಲ್ಬರ್ಟ್ ವಿನ್ಸೆಮಿಯಸ್. ಜನಕ್ಕೆ ಕೆಲಸ ಇಲ್ಲ, ಕೈಗಾರಿಕೆ ಬೇಕು ಅನ್ನೋದು ಅವರ ವರದಿಯ ಸಾರ. ಹಣಕಾಸು ಮಂತ್ರಿ ಗೋ ಕೆಂಗ್ ಸ್ವೀ ಈ ಜೌಗಿನಲ್ಲಿ ಕೈಗಾರಿಕಾ ಪಟ್ಟಣ ಕಟ್ತೀನಿ ಅಂತ ಹೊರಟರು. ಗುಡ್ಡ ಕಡಿದರು, ಆ ಮಣ್ಣನ್ನೇ ಜೌಗಿಗೆ ತುಂಬಿದರು. ರಸ್ತೆ ಆಯ್ತು, ಬಂದರು ಆಯ್ತು. ಕಾರ್ಖಾನೆಗಳು ಮಾತ್ರ ಬರಲಿಲ್ಲ. ಸೈಟುಗಳು ಖಾಲಿ ಬಿದ್ದವು, ಜನ ಅಷ್ಟು ದೂರ ವಾಸಕ್ಕೆ ಬರೋಕೆ ಒಪ್ಪಲಿಲ್ಲ. ಆಗ ಜುರಾಂಗ್‌ಗೆ ಬಿದ್ದ ಅಡ್ಡಹೆಸರು "ಗೋ ಮಾಡಿದ ಹುಚ್ಚುತನ". ಆಮೇಲೆ ನಿಧಾನಕ್ಕೆ ಗಾಲಿ ತಿರುಗಿತು. 1968ರಲ್ಲಿ ಜುರಾಂಗ್ ಟೌನ್ ಕಾರ್ಪೊರೇಷನ್ ಬಂತು, ಅಂದರೆ ಈಗಿನ ಜೆಟಿಸಿ. ಅಷ್ಟು ಹೊತ್ತಿಗೆ ಸುಮಾರು 150 ಕಾರ್ಖಾನೆಗಳು ಕೆಲಸ ಮಾಡ್ತಿದ್ದವು.

ಇಲ್ಲಿ ಮೊದಲು ಎದ್ದದ್ದು ಉಕ್ಕಿನ ಕಾರ್ಖಾನೆ, ನ್ಯಾಷನಲ್ ಐರನ್ ಅಂಡ್ ಸ್ಟೀಲ್ ಮಿಲ್ಸ್. ಆಮೇಲೆ ನ್ಯಾಟ್‌ಸ್ಟೀಲ್ ಆಯ್ತು. 1962ರಲ್ಲಿ ಅಡಿಗಲ್ಲು, 1963ರಲ್ಲಿ ಉತ್ಪಾದನೆ. ಇದನ್ನ ಹೇಳುವಾಗ ನನಗೆ ನಮ್ಮಪ್ಪನ ನೆನಪು ಬರುತ್ತೆ.

ನಮ್ಮೂರು ಭದ್ರಾವತಿ. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. 2012ರಲ್ಲಿ ಮೂರು ವಾರಕ್ಕೆ ಇಲ್ಲಿಗೆ ಬಂದಿದ್ದರು. ಸೆಂಟೋಸಾದಲ್ಲಿ ಒಂದು ಬೆಂಚಿನ ಮೇಲೆ ಕೂತು ಆಕಳಿಸಿದರು. ವಾಪಸ್ ಬರುವಾಗ ಒಂದು ಕೆಲಸಕ್ಕೆ ಅಂತ ತಾಂಜೊಂಗ್ ಕ್ಲಿಂಗ್ ರಸ್ತೆ ಕಡೆ ಹೋದೆವು. ಗುಜರಿ ತುಂಬಿದ ಲಾರಿಗಳು ಒಳಗೆ ಹೋಗ್ತಿದ್ದವು. ಅಪ್ಪ ಗೇಟಿನ ಆಚೆ ನಿಂತು ಒಂದು ಕ್ಷಣ ಮೂಸಿ ನೋಡಿದ ಹಾಗೆ ಮಾಡಿ, "ಇಲ್ಲಿ ಅದಿರಿನ ಕೆಲಸ ಇಲ್ಲ ಕಣೋ. ಗುಜರಿ ಕರಗಿಸ್ತಾರೆ, ಕರೆಂಟಿನ ಕುಲುಮೆ" ಅಂದರು. ಸರಿಯಾಗೇ ಹೇಳಿದ್ದರು. ನನಗಿಂತ ಅವರಿಗೆ ಹದಿನೈದು ದಿನದಲ್ಲಿ ಜುರಾಂಗ್ ಹೆಚ್ಚು ಅರ್ಥ ಆಗಿತ್ತು! ಆಗ ಆ ಕಾರ್ಖಾನೆ ಟಾಟಾ ಸ್ಟೀಲಿನ ಕೈಲಿತ್ತು, 2005ರಿಂದ 2021ರ ತನಕ. ಕಾಂಕ್ರೀಟಿನ ಒಳಗೆ ಹಾಕೋ ಸರಳು ಅಲ್ಲಿ ತಯಾರಾಗುತ್ತೆ. ನಮ್ಮ ಫ್ಲ್ಯಾಟಿನ ಗೋಡೆಯೊಳಗೂ ಅದೇ ಇದ್ದರೂ ಇರಬಹುದು.

ಮನೆಗೆ ಬರೋ ದಾರಿಯಲ್ಲಿ ಅಪ್ಪ ಕೇಳಿದರು: "ಇಲ್ಲಿ ಮೊದಲು ಏನಿತ್ತೋ?" ನಾನು "ಏನೂ ಇರಲಿಲ್ಲಪ್ಪ, ಜೌಗು" ಅಂದೆ. ಅವರು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ "ಭದ್ರಾವತಿ ಬಗ್ಗೇನೂ ಹೊರಗಿನೋರು ಹಂಗೇ ಅಂತಾರೆ" ಅಂದರು.

ಭದ್ರಾವತಿಯ ಹಳೇ ಹೆಸರು ಬೆಂಕಿಪುರ. ಕುಲುಮೆಯ ಬೆಂಕಿಯಿಂದ ಬಂದ ಹೆಸರು ಅಂತ ನಾನು ಚಿಕ್ಕವನಿದ್ದಾಗ ನಂಬಿದ್ದೆ. ಅಲ್ಲ, ಹೆಸರು ಕುಲುಮೆಗಿಂತ ಹಳೆಯದು. ವಂಕಿ ಅನ್ನೋ ಋಷಿಯಿಂದ ವಂಕಿಪುರ ಆಗಿ ಆಮೇಲೆ ಬೆಂಕಿಪುರ ಆಯ್ತು ಅಂತ ಹಿರಿಯರು ಹೇಳೋರು. ಕಾರ್ಖಾನೆ ಶುರುವಾದದ್ದು 1923ರಲ್ಲಿ. ಅದಿರು ಕೆಮ್ಮಣ್ಣುಗುಂಡಿಯಿಂದ. ಕಲ್ಲಿದ್ದಲು ನಮ್ಮಲ್ಲಿಲ್ಲ, ಹಾಗಾಗಿ ಮಲೆನಾಡಿನ ಮರ ಕಡಿದು ಇದ್ದಿಲು ಮಾಡಿ ಕುಲುಮೆಗೆ ಹಾಕೋರು. ಯುದ್ಧ ಮುಗಿದು ಕಬ್ಬಿಣದ ಬೆಲೆ ಬಿದ್ದಿತ್ತು. ದುಡ್ಡು ದಂಡ ಅಂತ ಅದನ್ನೂ ಆಡಿಕೊಂಡರು. ಅಂಥ ಹೊತ್ತಿನಲ್ಲಿ ವಿಶ್ವೇಶ್ವರಯ್ಯನವರು ಹೊಣೆ ಹೊತ್ತು ದಾರಿಗೆ ತಂದರು. ಜುರಾಂಗ್‌ನ "ಹುಚ್ಚುತನ"ದ ಕಥೆ ಓದಿದಾಗ ಇದೆಲ್ಲ ನನಗೆ ಮೊದಲೇ ಕೇಳಿದ ಹಾಗಿತ್ತು.

ಮತ್ತೆ 2020ಕ್ಕೆ ಬರ್ತೀನಿ. ಫೋನಿನ ಕಥೆಗಳು ನಡೀತಾ ಇದ್ದವು. ರೈಲಿನ ಕಥೆ ಹೇಳಿದೆ. ಜುರಾಂಗ್‌ಗೆ ಒಂದು ಗೂಡ್ಸ್ ರೈಲು ಬರ್ತಿತ್ತು ಅಂದರೆ ನೀವು ನಂಬ್ತೀರಾ? 1960ರ ದಶಕದ ಮಧ್ಯದಲ್ಲಿ ಬುಕಿತ್ ತಿಮಾ ಸ್ಟೇಷನ್ನಿನಿಂದ ಕವಲು ತೆಗೆದು ಇಲ್ಲಿನ ಕಾರ್ಖಾನೆಗಳ ತನಕ ಹಳಿ ಹಾಕಿದ್ದರು. ಲಾರಿಗಳು ಹೆಚ್ಚಿದವು, ಹಳಿ ಸೋತಿತು. 1990ರ ದಶಕದ ಶುರುವಿನಲ್ಲಿ ನಿಂತೇ ಹೋಯ್ತು. ಕ್ಲೆಮೆಂಟಿ ಹತ್ತಿರ ಉಲು ಪಾಂಡಾನ್ ಕಾಲುವೆಯ ಮೇಲೆ ಆ ಕಬ್ಬಿಣದ ಸೇತುವೆ ಇನ್ನೂ ಇದೆ. ಸೈಕಲ್ಲಿನವರು ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ತಾರೆ.

ಯುದ್ಧದ ಕಥೆ ಹೇಳಿದೆ. 1942ರ ಫೆಬ್ರವರಿ 8ರ ರಾತ್ರಿ ಜಪಾನಿ ಸೇನೆ ಈ ದ್ವೀಪಕ್ಕೆ ಇಳಿಯಿತು. ಕ್ರಾಂಜಿ ಹೊಳೆಗೂ ಜುರಾಂಗ್ ಹೊಳೆಗೂ ನಡುವೆ ತಡೆಯಬೇಕು ಅನ್ನೋದು ಬ್ರಿಟಿಷರ ಲೆಕ್ಕ. ಅದಕ್ಕೆ ಜುರಾಂಗ್ ಲೈನ್ ಅಂತ ಹೆಸರು. ಅದರ ದಕ್ಷಿಣದ ಕಡೆ ನಿಂತಿದ್ದವರಲ್ಲಿ 44ನೇ ಇಂಡಿಯನ್ ಬ್ರಿಗೇಡಿನವರೂ ಇದ್ದರು, ಪಂಜಾಬ್ ರೆಜಿಮೆಂಟುಗಳ ಸಿಪಾಯಿಗಳು. ಎರಡೇ ದಿನದಲ್ಲಿ ಆ ಸಾಲು ಮುರಿಯಿತು. ಫೆಬ್ರವರಿ 15ಕ್ಕೆ ಸಿಂಗಪುರ ಬಿತ್ತು. ಗೋಧಿ ಹೊಲ ಬಿಟ್ಟು ಬಂದ ಹುಡುಗರು, ಭಾಷೆ ಗೊತ್ತಿಲ್ಲದ ಜೌಗಿನಲ್ಲಿ, ಯಾರದೋ ರಾಜ್ಯಕ್ಕಾಗಿ. ಅವರಿಗೂ ಅದು ಡ್ಯೂಟಿಯೇ. ಸತ್ತವರ ಹೆಸರುಗಳು ಕ್ರಾಂಜಿಯ ಯುದ್ಧ ಸ್ಮಾರಕದ ಗೋಡೆಗಳ ಮೇಲಿವೆ.

ಇದನ್ನ ಹೇಳಿ ಮುಗಿಸಿದ ಮೇಲೆ ಹುಡುಗ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದು ಪ್ರಶ್ನೆ ಕೇಳಿದ. "ಅಣ್ಣ, ಎಲ್ಲಾ ಸರಿ. ಜೌಗು ಇತ್ತು, ಹಳ್ಳಿ ಇತ್ತು ಅಂದ್ರಿ. ಆ ಹಳ್ಳಿಯೋರು ಎಲ್ಲಿಗೆ ಹೋದ್ರು?"

ನಮ್ಮಪ್ಪ ಕೇಳಿದ ಪ್ರಶ್ನೆಯ ಮುಂದಿನ ಸಾಲು ಅದು. ನಾನು ಎಂಟು ವರ್ಷ ತಪ್ಪಿಸಿಕೊಂಡಿದ್ದೆ.

ಉತ್ತರ ಹುಡುಕೋಕೆ ದೂರ ಹೋಗಬೇಕಿರಲಿಲ್ಲ. ನಾನು ಕೆಲಸ ಮಾಡೋದೇ ಜುರಾಂಗ್ ಐಲ್ಯಾಂಡಿನಲ್ಲಿ. ನಿಮ್ಮಲ್ಲಿ ಅರ್ಧ ಜನ ಅಲ್ಲಿಗೆ ಪಾಸು ತೋರಿಸಿ ಹೋಗೋರು, ಪಾಸಿಲ್ಲದೆ ಯಾರನ್ನೂ ಒಳಗೆ ಬಿಡೋದಿಲ್ಲ. ಅದು ದೇವರು ಮಾಡಿದ ದ್ವೀಪ ಅಲ್ಲ. ಏಳು ಪುಟ್ಟ ದ್ವೀಪಗಳ ನಡುವಿನ ಸಮುದ್ರ ತುಂಬಿ ಒಂದು ಮಾಡಿದ್ದು. ಅವುಗಳ ಹೆಸರು ಹೇಳ್ತೀನಿ, ಕೇಳಿ: ಆಯರ್ ಚಾವಾನ್, ಆಯರ್ ಮೆರ್ಬಾವ್, ಮೆರ್ಲಿಮಾವ್, ಪೆಸೆಕ್, ಪೆಸೆಕ್ ಕೆಚಿಲ್, ಸಾಕ್ರಾ, ಸೆರಾಯಾ. ಮೆರ್ಲಿಮಾವ್, ಸಾಕ್ರಾ, ಸೆರಾಯಾ ಈಗ ನಮಗೆ ಪ್ಲಾಂಟಿನ ವಿಳಾಸಗಳು. ಮೊದಲು ಅಲ್ಲಿ ಮೀನುಗಾರರ ಹಳ್ಳಿಗಳಿದ್ದವು. 2000ದಲ್ಲಿ ಜುರಾಂಗ್ ಐಲ್ಯಾಂಡ್ ಅಧಿಕೃತವಾಗಿ ಉದ್ಘಾಟನೆ ಆಯ್ತು, ಸಮುದ್ರ ತುಂಬೋ ಕೆಲಸ ಮುಗಿದದ್ದು 2009ರಲ್ಲಿ. ಅಲ್ಲಿದ್ದ ಜನ ದೋಣಿ ಬಿಟ್ಟು ನೆಲದ ಮೇಲಿನ ಸರ್ಕಾರಿ ಫ್ಲ್ಯಾಟುಗಳಿಗೆ ಬಂದರು. ಕಡಲಂಚಿನ ಮನೆಯಿಂದ ಹತ್ತನೇ ಮಹಡಿಗೆ. ನೀರು, ಕರೆಂಟು, ಶಾಲೆ, ಆಸ್ಪತ್ರೆ ಎಲ್ಲ ಸಿಕ್ಕಿತು. ಬಲೆ ಒಣಗಿಸೋಕೆ ಮಾತ್ರ ಜಾಗ ಇರಲಿಲ್ಲ.

ಇದನ್ನ ಹುಡುಗನಿಗೆ ಹೇಳ್ತಾ ಹೇಳ್ತಾ ನನ್ನ ಗಂಟಲು ಹಿಡಿಯಿತು. ಯಾಕೆ ಅಂತ ಆಗ ತಿಳೀಲಿಲ್ಲ, ಆಮೇಲೆ ತಿಳೀತು. ನಮ್ಮಮ್ಮನ ತವರು ಶರಾವತಿ ಹಿನ್ನೀರಿನ ಅಡಿಯಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ಗಂಟು ಮೂಟೆ ಕಟ್ಟಿಕೊಂಡು ಶಿವಮೊಗ್ಗದ ಕಡೆ ಬಂದ ಮನೆತನ. ಬೇಸಿಗೆಯಲ್ಲಿ ನೀರು ಇಳಿದಾಗ ಅಜ್ಜಿ "ಅಗೋ, ಅಲ್ಲಿ ನಮ್ಮ ತೋಟ ಇತ್ತು" ಅಂತ ನೀರಿನ ಕಡೆ ಕೈ ತೋರಿಸೋಳಂತೆ. ಆ ನೀರಿನಿಂದ ಬಂದ ಕರೆಂಟು ನಾಡಿನ ಕಾರ್ಖಾನೆಗಳನ್ನ ನಡೆಸಿತು. ನಮ್ಮ ಮನೆಯಲ್ಲಿ ಕಾರ್ಖಾನೆಯಿಂದ ಅನ್ನ ತಂದ ಅಪ್ಪನೂ ಇದ್ದರು, ಅಂಥದ್ದಕ್ಕೆ ಊರು ಬಿಟ್ಟುಕೊಟ್ಟ ಅಮ್ಮನೂ ಇದ್ದರು. ಇಬ್ಬರೂ ಒಂದೇ ಒಲೆ ಮುಂದೆ ಕೂತು ಉಂಡರು, ಜಗಳ ಏನೂ ಆಡಲಿಲ್ಲ. ಆದರೆ "ಅಲ್ಲಿ ಮೊದಲು ಏನೂ ಇರಲಿಲ್ಲ" ಅಂತ ನಮ್ಮ ಮನೆಯಲ್ಲಿ ಯಾರಾದರೂ ಅಂದಿದ್ದರೆ ಅಮ್ಮ ಸುಮ್ಮನಿರ್ತಿರಲಿಲ್ಲ. ಅದೇ ಮಾತನ್ನ ನಾನು ಜುರಾಂಗ್ ಬಗ್ಗೆ ಅಪ್ಪನ ಮುಂದೆ ಎಷ್ಟು ಸಲೀಸಾಗಿ ಅಂದುಬಿಟ್ಟೆ ನೋಡಿ.

ಕಾರ್ಖಾನೆ ಬೇಡ ಅಂತ ನಾನು ಹೇಳ್ತಿಲ್ಲ. ನಾವೆಲ್ಲ ಅದರ ಅನ್ನ ತಿನ್ನೋರು. ಯಾರದೋ ಊರಿನ ಮೇಲೆ ನಮ್ಮ ಡ್ಯೂಟಿ ನಿಂತಿದೆ ಅನ್ನೋದು ಗೊತ್ತಿರಲಿ ಅಂತ ಮಾತ್ರ ಹೇಳ್ತಿದೀನಿ. ಗೊತ್ತಾದರೆ ಕೆಲಸ ಮಾಡೋ ಜಾಗದ ಮೇಲೆ ಒಂದು ಮರ್ಯಾದೆ ಬರುತ್ತೆ.

ಒಂದು ಪಂಪಿನ ಕಥೆ ಹೇಳದೆ ಹೋದರೆ ನನ್ನ ಡಿಪಾರ್ಟ್‌ಮೆಂಟಿನವರು ಕ್ಷಮಿಸೋದಿಲ್ಲ. ಜುರಾಂಗ್ ಐಲ್ಯಾಂಡಿನ ಪಕ್ಕದಲ್ಲಿ ಬನ್ಯಾನ್ ಬೇಸಿನ್ ಅನ್ನೋ ಕಡಲ ಭಾಗ ಇದೆ. ಅದರ ಅಡಿಯಲ್ಲಿ, 130 ಮೀಟರ್ ಆಳದಲ್ಲಿ ಬಂಡೆ ಕೊರೆದು ಐದು ಗುಹೆ ಮಾಡಿದ್ದಾರೆ, ಜುರಾಂಗ್ ರಾಕ್ ಕ್ಯಾವರ್ನ್ಸ್. 2014ರಲ್ಲಿ ಉದ್ಘಾಟನೆ ಆಯ್ತು. ಒಂದೊಂದು ಗುಹೆ ಒಂಬತ್ತು ಮಹಡಿ ಕಟ್ಟಡದಷ್ಟು ಎತ್ತರ. ಒಟ್ಟು 14.7 ಲಕ್ಷ ಘನ ಮೀಟರ್ ಎಣ್ಣೆ ಹಿಡಿಯುತ್ತೆ. ಬಂಡೆಯಲ್ಲಿ ಬಿರುಕು ಇರಲ್ವಾ, ಎಣ್ಣೆ ಸೋರಲ್ವಾ ಅಂತ ಕೇಳಬಹುದು. ಅಲ್ಲೇ ಇರೋದು ಜಾಣತನ. ಸುತ್ತಲಿನ ಬಂಡೆಯ ಬಿರುಕುಗಳಲ್ಲಿ ನೀರನ್ನ ಒತ್ತಡದಲ್ಲಿ ತುಂಬಿಸಿಟ್ಟಿರ್ತಾರೆ. ನೀರಿನ ಒತ್ತಡ ಎಣ್ಣೆಯದಕ್ಕಿಂತ ಹೆಚ್ಚು, ಹಾಗಾಗಿ ಎಣ್ಣೆ ಹೊರಗೆ ಹೋಗೋ ಬದಲು ನೀರೇ ಸ್ವಲ್ಪ ಸ್ವಲ್ಪ ಒಳಗೆ ಜಿನುಗುತ್ತೆ. ಆ ನೀರನ್ನ ಪಂಪ್ ಮಾಡಿ ತೆಗೀತಾರೆ. ಎಲ್ಲಾ ಕಡೆ ಸೋರಿಕೆ ನಿಲ್ಲಿಸೋದು ನಮ್ಮ ಕೆಲಸ. ಇಲ್ಲಿ ಸೋರಿಕೆಯೇ ಕಾವಲುಗಾರ! ಹುಡುಗನಿಗೆ ಇದು ಬಹಳ ಹಿಡಿಸಿತ್ತು. "ನಮ್ಮ ಕೆಳಗೂ ಒಂದು ಡಾರ್ಮ್ ಐತಿ ಅನ್ನಿ, ಎಣ್ಣೇದು" ಅಂದಿದ್ದ.

2021ರ ಮೇ ತಿಂಗಳಲ್ಲಿ ಭದ್ರಾವತಿಯಲ್ಲಿ ಅಪ್ಪ ತೀರಿಕೊಂಡರು. ಎರಡನೇ ಅಲೆ. ಹೋದರೆ ವಾಪಸ್ ಬರೋಕೆ ಅನುಮತಿ ಸಿಗುತ್ತೆ ಅನ್ನೋ ಭರವಸೆ ಇರಲಿಲ್ಲ. ಹೆಂಡತಿ ಮಕ್ಕಳು ಇಲ್ಲಿ. ನಾನು ಹೋಗಲಿಲ್ಲ. ತಮ್ಮ ವಿಡಿಯೋ ಕಾಲ್ ಮಾಡಿದ್ದ, ನೆಟ್‌ವರ್ಕ್ ನಿಂತು ನಿಂತು ಬರ್ತಿತ್ತು. ಇಲ್ಲಿ ಇರೋ ಎಷ್ಟೋ ಜನರದ್ದು ಇದೇ ಕಥೆ, ಅದಕ್ಕೇ ಹೆಚ್ಚು ಹೇಳೋದಿಲ್ಲ. ಆಮೇಲೆ ತಮ್ಮ ಅಪ್ಪನ ಪೆಟ್ಟಿಗೆ ತೆಗೆದಾಗ ಒಂದು ಹಿತ್ತಾಳೆ ಬಿಲ್ಲೆ ಸಿಕ್ಕಿತು, ಕಾರ್ಖಾನೆಯ ಟೋಕನ್, ಮೇಲೆ ನಂಬರು. ಅದರ ಫೋಟೋ ಕಳಿಸಿದ. ನಾನು ನೋಡ್ತಾ ಕೂತೆ. ಅಪ್ಪ ಯಾವ ಶಾಪಿನಲ್ಲಿದ್ದರು ಅಂತ ಗೊತ್ತು. ಅಲ್ಲಿ ದಿನವಿಡೀ ಏನು ಮಾಡ್ತಿದ್ದರು, ಮೊದಲ ದಿನ ಯಾರು ಕೆಲಸ ಕಲಿಸಿದರು, ಯಾವುದಕ್ಕೆ ಹೆದರಿದ್ದರು, ಒಂದೂ ಗೊತ್ತಿಲ್ಲ. ಯಾರದೋ ದೇಶದ ರಸ್ತೆ ಹೆಸರು ಹುಡುಕಿ ತಿಳ್ಕೊಂಡವನು ಅಪ್ಪನನ್ನ ಒಂದು ಮಾತು ಕೇಳಿರಲಿಲ್ಲ.

ಅವತ್ತು ಸಂಜೆ ಏಳಕ್ಕೆ ಫೋನು ಬಂತು. ನಾನು "ಇವತ್ತು ಕಥೆ ಇಲ್ಲಪ್ಪ" ಅಂದೆ. "ಗೊತ್ತಾತಣ್ಣ, ಗ್ರೂಪಲ್ಲಿ ನೋಡಿದೆ. ಇವತ್ತು ನಾನು ಹೇಳ್ತೀನಿ, ನೀವು ಸುಮ್ನೆ ಕೇಳ್ರಿ" ಅಂದ. ಅವನ ಅಜ್ಜ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಇದ್ದವರಂತೆ. ಒಂದು ಕಾಲದಲ್ಲಿ ಗಿರಣಿಗಳಿಂದಾಗಿ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರು. ಅಜ್ಜನ ಮೀಸೆಯಲ್ಲಿ, ಕಿವಿಯಲ್ಲಿ ಹತ್ತಿ ಎಳೆ ಇರ್ತಿತ್ತಂತೆ. ಗಿರಣಿಯ ಸೈರನ್ ಕೇಳಿಯೇ ಅಜ್ಜಿ ಒಲೆ ಮೇಲೆ ಹಂಚಿಡ್ತಿದ್ದಳಂತೆ, ರೊಟ್ಟಿ ಬಿಸಿ ಇರಲಿ ಅಂತ. ಗಿರಣಿ ನಿಂತ ಮೇಲೂ ಎಷ್ಟೋ ದಿನ ಅದೇ ಹೊತ್ತಿಗೆ ಹಂಚಿಡ್ತಿದ್ದಳು, ಅಂದ. ಇದನ್ನೆಲ್ಲ ಅವನು ಹಿಂದಿನ ವಾರ ಅವರಪ್ಪನಿಗೆ ಫೋನ್ ಮಾಡಿ ಕೇಳಿ ತಿಳ್ಕೊಂಡಿದ್ದ. "ನೀವು ರೋಡಿಂದು ಹೇಳ್ತಿದ್ರಲ್ಲಣ್ಣ, ನಮ್ಮ ಮನೇದೂ ಏನಾರ ಇರ್ಬಹುದು ಅಂತ ಕೇಳಿದೆ" ಅಂದ.

ನಾನು ಕೇಳದೇ ಕಳ್ಕೊಂಡದ್ದನ್ನ ಅವನು ಕೇಳಿ ಉಳಿಸಿಕೊಂಡಿದ್ದ.

2022ರಲ್ಲಿ ಅವನು ಊರಿಗೆ ಹೋದ. ಈಗ ಅಲ್ಲೇ ಒಂದು ವರ್ಕ್‌ಶಾಪ್ ಇಟ್ಟಿದ್ದಾನೆ. ಹೋಗೋ ಮುಂಚಿನ ಭಾನುವಾರ ಇಬ್ಬರೂ ಜಾಲಾನ್ ಬುರೋ, ನೈದಲ್ ರೋಡು ನಡೆದು ನೋಡಿದೆವು. ಫೋನಿನಲ್ಲಿ ಕೇಳಿದ್ದ ಬೋರ್ಡುಗಳ ಕೆಳಗೆ ನಿಂತು ಫೋಟೋ ತೆಗೆಸಿಕೊಂಡ. ಮೊನ್ನೆ ದೀಪಾವಳಿಗೆ ಫೋನ್ ಮಾಡಿದ್ದ. ಅವನ ವರ್ಕ್‌ಶಾಪಿಗೆ ಬರೋರು ಸಿಂಗಪುರದಲ್ಲಿ ಎಲ್ಲಿದ್ದೆ ಅಂತ ಕೇಳ್ತಾರಂತೆ. "ಜುರಾಂಗ್ ಅಂತೀನಿ ಅಣ್ಣ. ಅದೆಲ್ಲೈತಿ ಅಂತಾರೆ. ಅರ್ಧ ತಾಸು ಹೇಳ್ತೀನಿ" ಅಂದ.

ಕೊನೆಯದಾಗಿ ಒಂದು ಬೋರ್ಡು. ತುವಾಸ್. ನಮ್ಮಲ್ಲಿ ಬಹಳ ಜನ ದಿನಾ ಹೋಗೋ ಜಾಗ, ದೊಡ್ಡ ಬಂದರು ಕಟ್ಟುತ್ತಿರೋ ಜಾಗ. ತುವಾಸ್ ಅನ್ನೋದು ಮಲಯ್ ಮೀನುಗಾರರ ಒಂದು ಉಪಾಯದ ಹೆಸರು. ಮರದ ಕೊಂಬೆ, ಸೋಗೆಗಳನ್ನ ಸಮುದ್ರಕ್ಕೆ ಇಳಿಬಿಟ್ಟು ನೀರಿನಲ್ಲಿ ನೆರಳು ಮಾಡೋದು. ಬಿಸಿಲಿಗೆ ಬೆಂದ ಮೀನುಗಳು ನೆರಳು ಹುಡುಕಿ ಬಂದು ಸೇರ್ತವೆ. ಆಗ ಬಲೆ ಎತ್ತೋದು. ನಾವೂ ನೆರಳು ಹುಡುಕಿಯೇ ಬಂದವರು. ಇದನ್ನ ನಗುತ್ತಲೂ ತಗೋಬಹುದು, ಯೋಚನೆ ಮಾಡುತ್ತಲೂ ತಗೋಬಹುದು, ನಿಮಗೆ ಬಿಟ್ಟದ್ದು.

ನನ್ನದೊಂದು ಮನವಿ. ಮುಂದಿನ ವಾರ್ಷಿಕ ಸಂಚಿಕೆಗೆ ಪ್ರತಿಯೊಬ್ಬರೂ ಒಂದೇ ಒಂದು ಪುಟ ಬರೆದು ಕೊಡಿ. ನಿಮ್ಮ ಕಂಪನಿ ಇರೋ ರಸ್ತೆಯ ಹೆಸರು ಏನು, ಅದರ ಅರ್ಥ ಏನು, ಅಲ್ಲಿ ಮೊದಲು ಏನಿತ್ತು. ಬರೆಯೋಕೆ ಬರಲ್ಲ ಅನ್ನೋರು ನನಗೆ ಫೋನ್ ಮಾಡಿ ಹೇಳಿ, ನಾನು ಬರ್ಕೋತೀನಿ. ಸಂಜೆ ಏಳರ ಮೇಲೆ ನನ್ನ ಫೋನು ಖಾಲಿ ಇರುತ್ತೆ. ಜೊತೆಗೆ ಇನ್ನೊಂದು. ಇವತ್ತು ರಾತ್ರಿ ಊರಿಗೆ ಫೋನ್ ಮಾಡಿದಾಗ, ಊಟ ಆಯ್ತಾ, ಮಾತ್ರೆ ತಗೊಂಡ್ರಾ ಅಂತ ಕೇಳಿದ ಮೇಲೆ, "ಅಪ್ಪ, ನೀವು ಕೆಲಸಕ್ಕೆ ಸೇರಿದ ಮೊದಲ ದಿನ ಏನಾಯ್ತು?" ಅಂತ ಒಂದು ಮಾತು ಕೇಳಿ. ಅಮ್ಮನಿಗೆ ತವರಿನ ಬಗ್ಗೆ ಕೇಳಿ. ಕೇಳೋಕೆ ಅವರು ಇದ್ದಾಗಲೇ ಕೇಳಿ.

ಕಾರ್ಯದರ್ಶಿಗಳು ಗಡಿಯಾರ ನೋಡ್ತಿದ್ದಾರೆ, ಆ ಕಡೆಯಿಂದ ಬಿಸಿಬೇಳೆಬಾತಿನ ವಾಸನೆ ಬರ್ತಿದೆ. ನನ್ನಿಂದಾಗಿ ಅದು ಆರಬಾರದು.